ಕೀಲು ಹೊಸದು, ಸ್ನಾಯು ಹಳೆಯದೇ

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಶಾಲಾ ಟೀಚರ್. ಎಡ ಸೊಂಟದ ಕೀಲು ಬದಲಿಸಿ ಐದು ವಾರ ಆಯಿತು. ನೋವು ಜಾಸ್ತಿ ಇಲ್ಲ. ಮೊದಲ ಎರಡು ವಾರ ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಿದ್ದರು. ಆಮೇಲೆ ನಾನೇ ಬೇಡ ಎಂದೆ, ಮನೆಯೊಳಗೆ ಹೇಗೂ ಓಡಾಡುತ್ತೇನಲ್ಲ. ಈಗ ಡಾಕ್ಟರ್ ವಾಕರ್ ಬಿಡಿಸಿ ಕೋಲು ಕೊಟ್ಟಿದ್ದಾರೆ. ಬಾತುಕೋಳಿ ಥರ ನಡೀತೀಯ ಅಜ್ಜಿ ಎಂದು ಮೊಮ್ಮಗಳು ನಗುತ್ತಾಳೆ. ಎಡಗಾಲು ಉದ್ದವಾದ ಹಾಗೂ ಅನಿಸುತ್ತದೆ. ಆಪರೇಷನ್ನಿನಲ್ಲೇ ಏನಾದರೂ ಎಡವಟ್ಟಾಯಿತಾ? ನೆಲದ ಮೇಲೆ ಕೂತು ಪೂಜೆ ಮಾಡುವುದು, ರಂಗೋಲಿ ಹಾಕುವುದು ಯಾವಾಗ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಟೀಚರ್, ಮೊದಲು ಒಂದು ಮಾತು ಹೇಳಿ. ಕೋಲು ಯಾವ ಕೈಯಲ್ಲಿದೆ? ಎಡಗೈಯಲ್ಲೇ ಇರಬೇಕು ಎಂದು ನನ್ನ ಊಹೆ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಹಾಗೇ ಹಿಡಿದುಕೊಂಡು ಬರುತ್ತಾರೆ. ನೋಯುವ ಕಡೆಗೆ ಊರುಗೋಲು ಅಂತ ಕೈ ತಾನಾಗಿಯೇ ಹೋಗುತ್ತದೆ. ಅದನ್ನು ಬಲಗೈಗೆ ಬದಲಿಸಿ.

ಏಕೆ ಅಂದರೆ, ನೀವು ಎಡಗಾಲ ಮೇಲೆ ನಿಂತು ಬಲಗಾಲು ಎತ್ತಿದಾಗ ಸೊಂಟ ಬಲಕ್ಕೆ ಜಗ್ಗುತ್ತದೆ. ಜಗ್ಗದಂತೆ ಹಿಡಿಯುವುದು ಎಡ ಸೊಂಟದ ಪಕ್ಕದಲ್ಲಿರುವ ಸ್ನಾಯು. ಫಿಸಿಯೋಗಳು ಅದನ್ನು ಗ್ಲೂಟಿಯಸ್ ಮೀಡಿಯಸ್ ಅನ್ನುತ್ತಾರೆ. ಡಾಕ್ಟರ್ ಕೀಲನ್ನು ಹೊಸದು ಹಾಕಿದ್ದಾರೆ, ಸ್ನಾಯು ಹಳೆಯದೇ. ವರ್ಷಗಟ್ಟಲೆ ನೋವು ಅಂತ ಆ ಕಾಲಿಗೆ ಭಾರ ಕೊಡದೆ ನಡೆದಿರುತ್ತೀರಿ, ಅದು ಸೋತು ಹೋಗಿರುತ್ತದೆ. ಸೋತ ಸ್ನಾಯು ಹಿಡಿಯಲಾರದು ಎಂದು ಇಡೀ ಮೈ ಎಡಕ್ಕೆ ವಾಲುತ್ತದೆ. ನಿಮ್ಮ ಮೊಮ್ಮಗಳ ಬಾತುಕೋಳಿ ಇದೇ. ಬಲಗೈ ಕೋಲು ಜಗ್ಗುವ ಕಡೆಯನ್ನೇ ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಬಲಗಾಲು ಮುಂದೆ. ಇಳಿಯುವಾಗ ಕೋಲು ಮತ್ತು ಎಡಗಾಲು ಮೊದಲು.

ಮನೆಯೊಳಗೆ ಓಡಾಡಿದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಾಲಿಕೊಂಡೇ ದಿನಕ್ಕೆ ನೂರು ಸಲ ಓಡಾಡಿದರೆ ವಾಲುವುದೇ ಅಭ್ಯಾಸ ಆಗುತ್ತದೆ ಅಷ್ಟೇ. ಅಡುಗೆಮನೆ ಕಟ್ಟೆ ಹಿಡಿದು ನೆಟ್ಟಗೆ ನಿಲ್ಲಿ. ಎಡಗಾಲನ್ನು ಪಕ್ಕಕ್ಕೆ ಒಂದು ಗೇಣು ಎತ್ತಿ, ನಿಧಾನ ಇಳಿಸಿ. ಬೆರಳು ಮುಂದಕ್ಕೇ ನೋಡಬೇಕು, ಮೈ ಬಲಕ್ಕೆ ವಾಲಬಾರದು. ಕಾಲು ಜಾಸ್ತಿ ಎತ್ತಲು ಮೈ ಬಗ್ಗಿಸುವವರೇ ಹೆಚ್ಚು, ಅದು ಮೋಸದ ಲೆಕ್ಕ. ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಹಾಲು ಕಾಯುವ ಹೊತ್ತಿಗೆ ಮುಗಿಯುತ್ತದೆ. ಶುರು ಮಾಡುವ ಮುಂಚೆ ಸರ್ಜನ್ನರನ್ನು ಒಮ್ಮೆ ಕೇಳಿಕೊಳ್ಳಿ. ದುಡ್ಡಿನ ಯೋಚನೆ ಇದ್ದರೆ ಫಿಸಿಯೋ ದಿನಾ ಬರಬೇಕಿಲ್ಲ. ವಾರಕ್ಕೊಂದು ಸಲ ಬಂದು ನಡಿಗೆ ತಿದ್ದಿ, ಹೊಸ ಪಾಠ ಕೊಟ್ಟು ಹೋಗಲಿ. ಹೋಂವರ್ಕ್ ನಿಮ್ಮದು, ಟೀಚರಿಗೆ ಇದನ್ನು ನಾನು ಹೇಳಬೇಕಾ!

ಕಾಲು ಉದ್ದ ಅನಿಸುವುದು ಮಾಮೂಲು. ಸವೆದ ಕೀಲಿನ ಸುತ್ತ ಬಿಗಿದ ಸ್ನಾಯುಗಳು ಸಡಿಲ ಆಗುತ್ತಾ ಬಂದಂತೆ ಬಹಳ ಜನರಿಗೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಸುಮ್ನೆ ಅಂಗಡಿಯಿಂದ ಹಿಮ್ಮಡಿ ಪ್ಯಾಡ್ ತಂದು ಹಾಕಿಕೊಳ್ಳಬೇಡಿ. ಹೋಗದಿದ್ದರೆ ಡಾಕ್ಟರ್ ಅಳತೆ ತೆಗೆಯುತ್ತಾರೆ. ಆದರೆ ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಜ್ವರ ಬಂದು ಗಾಯ ಒಸರಿದರೆ, ತಟಕ್ಕನೆ ನೋವಾಗಿ ಕಾಲು ಗಿಡ್ಡವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ನೆಲ. ಹಿಂದುಗಡೆಯಿಂದ ಕುಯ್ದು ಮಾಡಿದ ಆಪರೇಷನ್ ಆಗಿದ್ದರೆ ಮೊದಲ ಕೆಲವು ವಾರ ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು. ಹೊಸ ಕೀಲಿನ ಚೆಂಡು ಅದರ ಬಟ್ಟಲಿನಿಂದ ಜಾರುವ ಭಯ ಇರುತ್ತದೆ. ಎಷ್ಟು ವಾರ ಅನ್ನುವುದನ್ನು ನಿಮ್ಮ ಸರ್ಜನ್ ಹೇಳಬೇಕು. ಮುಂದುಗಡೆಯಿಂದ ಮಾಡಿದ್ದರೆ ನಿಯಮ ಬೇರೆ. ಡಿಸ್ಚಾರ್ಜ್ ಸಮರಿ ತೆಗೆದು ನೋಡಿ, ಅದರಲ್ಲಿ ಬರೆದಿರುತ್ತಾರೆ.

ಈ 90 ಡಿಗ್ರಿ, ಇದೇ ಆಪರೇಷನ್ ಆಗಿದ್ದ ನಮ್ಮಮ್ಮನಿಂದ ನನಗೆ ಚೆನ್ನಾಗಿ ಅರ್ಥವಾಯಿತು. ಹನುಮಂತನಗರದ ಮನೆಯಲ್ಲಿ ಕಮೋಡ್ ಎತ್ತರಿಸಿದ್ದೆ, ಕಾಲೊರೆಸು ಬಟ್ಟೆಗಳನ್ನೆಲ್ಲ ಎತ್ತಿಟ್ಟಿದ್ದೆ. ತಗ್ಗಿನ ದಿವಾನ್ ಮಾತ್ರ ಮರೆತೆ. ಆಪರೇಷನ್ ಆಗಿ ಮೂರನೇ ವಾರ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಯಾರೋ ತಂದುಕೊಟ್ಟ ಕಡಲೆಕಾಯಿಯನ್ನು ಅಮ್ಮ ದಿವಾನ್ ಮೇಲೆ ಕೂತು ಸುಲಿಯುತ್ತಿದ್ದರು. ಒಂದು ಬೀಜ ಉರುಳಿತು. ಅಮ್ಮ ಬಗ್ಗಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು! ನಾನು ಕಿರುಚಿದ್ದಕ್ಕೆ, 'ಒಂದು ಬೀಜಕ್ಕೆ ಇಷ್ಟೊಂದಾ?' ಅಂದರು. ಪುಣ್ಯಕ್ಕೆ ಏನೂ ಆಗಲಿಲ್ಲ. ದಿವಾನ್ ಅವತ್ತೇ ಮಹಡಿಗೆ ಹೋಯಿತು.

ಆದ್ದರಿಂದ ದೇವರನ್ನು ಸದ್ಯಕ್ಕೆ ಮೇಜಿನ ಎತ್ತರಕ್ಕೆ ತನ್ನಿ. ರಂಗೋಲಿಯನ್ನು ಮರದ ಮಣೆಯ ಮೇಲೆ ಮೇಜಿನಲ್ಲಿಟ್ಟು ಹಾಕಿ. ಹೊಸ್ತಿಲ ಮುಂದಿನದನ್ನು ಮೊಮ್ಮಗಳಿಗೆ ಕಲಿಸಿ, ಬಾತುಕೋಳಿ ಅಂದಿದ್ದಕ್ಕೆ ಶಿಕ್ಷೆ. ಚಕ್ಕಂಬಕ್ಕಳ, ಕುಕ್ಕರಗಾಲು ಎಂದಿಗೂ ಬೇಡ ಅನ್ನುವ ಸರ್ಜನ್ನರೂ ಇದ್ದಾರೆ, ಆಮೇಲೆ ಬಿಡುವವರೂ ಇದ್ದಾರೆ. ನಿಮ್ಮವರನ್ನು ನೇರವಾಗಿ ಕೇಳಿ.

ಪ್ರಶ್ನೆ: ಆಪರೇಷನ್ ಆಗಿ ಎರಡು ವಾರ. ಹೊಲಿಗೆ ಬಿಚ್ಚಿಸಲು ಆಟೋದಲ್ಲಿ ಹೋಗಬಹುದಾ?
– ಓದುಗರೊಬ್ಬರು, ಯಲಹಂಕ

ಉತ್ತರ: ಬೇಡ. ಕಾಲು ಚಾಚಲು ಜಾಗವಿಲ್ಲ, ನಮ್ಮ ಹಂಪುಗಳು ಬೇರೆ. ಕಾರೇ ಇರಲಿ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಒರಗು ಸ್ವಲ್ಪ ವಾಲಿಸಿ, ಗಟ್ಟಿ ದಿಂಬು ಹಾಕಿ. ಬೆನ್ನು ಕಾರಿನ ಕಡೆ ಮಾಡಿ, ಆಪರೇಷನ್ ಆದ ಕಾಲು ಮುಂದೆ ಚಾಚಿ ಮೊದಲು ಕೂರಿ. ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ದಿಂಬಿನ ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿದರೆ ಸಲೀಸಾಗಿ ತಿರುಗಬಹುದು. ಹೊರಡುವ ಮುಂಚೆ ಕವರ್ ಎಳೆದುಬಿಡಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ನೀವೇ ಜಾರುತ್ತೀರಿ.