ಓದಿದರೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ: ಇಂಗ್ಲಿಷ್ ಚರ್ಚೆಯ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ಮೆಟ್ಟಿಲ ಮೇಲೆ ನಿಂತವರದು. ವ್ಯಾಕರಣ ಗೊತ್ತು. ಇಂಗ್ಲಿಷ್ ಓದಲು ಬರುತ್ತದೆ. ದಿನದ ಮಾತಿಗೆ ತೊಂದರೆ ಇಲ್ಲ. ಗಂಭೀರ ವಿಷಯದ ಮೇಲೆ ಐದು ನಿಮಿಷ ಮಾತಾಡಿ ಅಂದರೆ ಮಾತ್ರ ನಾಲಿಗೆ ತಡವರಿಸುತ್ತದೆ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಉಳಿದ ಪ್ರಶ್ನೆಗಳ ಬೇರು ಅಲ್ಲೇ ಇದೆ.

ಪ್ರಶ್ನೆ: ಹಲವು ವರ್ಷಗಳಿಂದ ದಿನಾ ಇಂಗ್ಲಿಷ್ ಲೇಖನ ಓದುತ್ತೇನೆ. ಒಂದು ದಿನ ವಿಜ್ಞಾನ, ಮರುದಿನ ಅರ್ಥಶಾಸ್ತ್ರ, ಆಮೇಲೆ ಕಲೆ. ಎಲ್ಲ ಅರ್ಥವಾಗುತ್ತದೆ. ಚರ್ಚೆಗೆ ಕೂತರೆ ‘ಇಟ್ ಈಸ್ ಗುಡ್’, ‘ಇಟ್ ಈಸ್ ವೆರಿ ಇಂಪಾರ್ಟೆಂಟ್’ ಬಿಟ್ಟು ಬೇರೇನೂ ಬರುವುದಿಲ್ಲ. ಇನ್ನೂ ಜಾಸ್ತಿ ಓದಬೇಕಾ?

ಉತ್ತರ: ಈಗ ಓದುತ್ತಿರುವಷ್ಟು ಸಾಕು. ಓದುವ ರೀತಿ ಬದಲಾಗಬೇಕು. ಒಂದೇ ವಿಷಯದ ಜೊತೆ ಎರಡು ವಾರ ಇರಿ, ಮತ್ತು ಅದರ ಬಗ್ಗೆ ಬಾಯಿ ಬಿಟ್ಟು ಮಾತಾಡಿ.

ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನೇ ಫ್ರೆಂಚ್‌ನಲ್ಲಿ ಕಲಿಸುವ ಪದ್ಧತಿ ಇದೆ. ವರ್ಷಗಟ್ಟಲೆ ಫ್ರೆಂಚ್ ಕೇಳಿ, ಓದಿ ಬೆಳೆದ ಆ ಮಕ್ಕಳಿಗೆ ಕೇಳಿದ್ದು, ಓದಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತಾಡುವಾಗ, ಬರೆಯುವಾಗ ಮಾತ್ರ ಹಿಂದೆ ಬೀಳುತ್ತಿದ್ದರು. ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದನ್ನು ಎತ್ತಿ ತೋರಿಸಿದರು. ಓದುವಾಗ ಅರ್ಥ ಹಿಡಿದರೆ ಕೆಲಸ ಮುಗಿಯಿತು. ವಾಕ್ಯ ಹೇಗೆ ಕಟ್ಟಿದ್ದಾರೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ. ಮಾತಾಡಲು ಹೊರಟಾಗ ‘ಅರೆ, ಇದನ್ನು ಹೇಳುವುದು ಹೇಗೆ?’ ಎಂದು ತಡೆಯುತ್ತದೆ. ಆ ತಡೆದ ಜಾಗದಲ್ಲೇ ಕಲಿಕೆ ಶುರುವಾಗುತ್ತದೆ. ನೀವು ವರ್ಷಗಳಿಂದ ಆ ಜಾಗಕ್ಕೆ ಹೋಗಿಯೇ ಇಲ್ಲ.

ಇನ್ನೊಂದು ತೊಂದರೆ, ದಿನಕ್ಕೊಂದು ವಿಷಯಕ್ಕೆ ಹಾರುವುದು. ಸೋಮವಾರ ಕಂಡ ಒಳ್ಳೆಯ ಪದಗುಚ್ಛ ಮಂಗಳವಾರದ ಲೇಖನದಲ್ಲಿ ಇರುವುದಿಲ್ಲ. ಒಂದೇ ಸಲ ಕಂಡ ಮುಖ ನೆನಪಲ್ಲಿ ಉಳಿಯುತ್ತದೆಯೇ? ಅಮೆರಿಕದ ಭಾಷಾ ಸಂಶೋಧಕ ಸ್ಟೀಫನ್ ಕ್ರಾಶೆನ್ 1981ರಲ್ಲೇ ‘ನ್ಯಾರೋ ರೀಡಿಂಗ್’ ಬಗ್ಗೆ ಬರೆದರು. ಒಂದೇ ವಿಷಯದ ಮೇಲೆ, ಅಥವಾ ಒಬ್ಬರೇ ಲೇಖಕರದು, ಹಲವು ಬರಹ ಓದಿ ಅನ್ನುವುದು ಅವರ ಮಾತಿನ ಸಾರ. ಮೊದಲ ಲೇಖನ ಕಷ್ಟ, ಎರಡನೆಯದು ಸ್ವಲ್ಪ ಹಗುರ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಆ ವಿಷಯದ ಪದಗಳು ಪರಿಚಯದವರ ಹಾಗೆ ಎದುರು ಬರುತ್ತವೆ.

ಒಂದು ವಿಷಯವನ್ನೇ ತೆಗೆದುಕೊಳ್ಳೋಣ: ಲೀಪ್ ಸೆಕೆಂಡ್. ಭೂಮಿ ತಿರುಗುವ ವೇಗ ಒಂದೇ ಸಮ ಇರುವುದಿಲ್ಲ. ಅಣು ಗಡಿಯಾರ ಮಾತ್ರ ಒಂದೇ ಸಮ ನಡೆಯುತ್ತದೆ. ಎರಡನ್ನೂ ಹೊಂದಿಸಲು 1972ರಿಂದ ಆಗಾಗ ಒಂದು ಸೆಕೆಂಡ್ ಸೇರಿಸುತ್ತಾ ಬಂದರು. ಒಟ್ಟು 27 ಸಲ ಹೀಗಾಗಿದೆ. ಕೊನೆಯದು 2016ರ ಡಿಸೆಂಬರ್ 31ರಂದು. 61 ಸೆಕೆಂಡಿನ ನಿಮಿಷ ಬಂದರೆ ಕಂಪ್ಯೂಟರುಗಳು ಗಲಿಬಿಲಿಗೊಳ್ಳುತ್ತವೆ. 2012ರಲ್ಲಿ ಕೆಲವು ದೊಡ್ಡ ಜಾಲತಾಣಗಳು ಇದರಿಂದಲೇ ಸ್ವಲ್ಪ ಹೊತ್ತು ನಿಂತುಹೋದವು. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 2022ರಲ್ಲಿ, 2035ರ ಒಳಗೆ ಈ ಪದ್ಧತಿ ಬಿಡುವ ತೀರ್ಮಾನ ಮಾಡಿತು. ಇಲ್ಲಿ ಒಳ್ಳೆಯ ಜಗಳವೇ ಇದೆ. ಗಡಿಯಾರ ಸೂರ್ಯನ ಮಾತು ಕೇಳಬೇಕೋ, ಯಂತ್ರದ ಮಾತು ಕೇಳಬೇಕೋ?

ಇದರ ಮೇಲೆ ನಾಲ್ಕು ಲೇಖನ ಓದಿದರೆ ಮೂರು ಮಾತುಗಳು ಮತ್ತೆ ಮತ್ತೆ ಸಿಗುತ್ತವೆ. ‘ಡ್ರಿಫ್ಟ್ ಅಪಾರ್ಟ್’, ಅಂದರೆ ಮೆಲ್ಲಗೆ ದೂರ ಸರಿಯುವುದು. ‘ಕೀಪ್ ಇನ್ ಸ್ಟೆಪ್ ವಿತ್’, ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯುವುದು. ‘ಫೇಸ್ ಔಟ್’, ಹಂತ ಹಂತವಾಗಿ ಕೈಬಿಡುವುದು. ಇವೇನೂ ಗಡಿಯಾರದ ಸ್ವತ್ತಲ್ಲ. ಗೆಳೆಯರು ಡ್ರಿಫ್ಟ್ ಅಪಾರ್ಟ್ ಆಗುತ್ತಾರೆ. ಸಂಬಳ ಬೆಲೆಗಳ ಜೊತೆ ಇನ್ ಸ್ಟೆಪ್ ಇರಬೇಕು ಅನ್ನುತ್ತಾರೆ. ಕಲ್ಲಿದ್ದಲನ್ನು ಫೇಸ್ ಔಟ್ ಮಾಡುತ್ತಾರೆ. ಒಂದು ವಿಷಯದಲ್ಲಿ ಗಟ್ಟಿಯಾಗಿ ಕಲಿತ ಮಾತು ಹತ್ತು ವಿಷಯಕ್ಕೆ ಕಾಲು ಚಾಚುತ್ತದೆ.

ನನ್ನ ಬಳಿ ಕಲಿಯುತ್ತಿದ್ದ ಒಬ್ಬರು ಇದೇ ವಿಷಯದ ಮೇಲೆ ಮೊದಲ ದಿನ ಹೇಳಿದ್ದು ಹೀಗೆ: ‘ದಿ ಅರ್ತ್ ಈಸ್ ಸ್ಲೋ. ಸೋ ದೇ ಆಡ್ ಒನ್ ಸೆಕೆಂಡ್. ಇಟ್ ಈಸ್ ಎ ಬಿಗ್ ಪ್ರಾಬ್ಲಂ ಫಾರ್ ಕಂಪ್ಯೂಟರ್ಸ್.’ ತಪ್ಪಿಲ್ಲ, ಆದರೆ ಒಂದೊಂದು ವಾಕ್ಯವೂ ಒಂಟಿ. ಹತ್ತನೆಯ ದಿನ ಅವರೇ ಹೇಳಿದ್ದು: ‘ದಿ ಟೂ ಕ್ಲಾಕ್ಸ್ ಡ್ರಿಫ್ಟ್ ಅಪಾರ್ಟ್, ಸೋ ಎವ್ರಿ ನೌ ಅಂಡ್ ದೆನ್ ಎ ಸೆಕೆಂಡ್ ಹ್ಯಾಸ್ ಟು ಬಿ ಸ್ಲಿಪ್ಡ್ ಇನ್, ವಿಚ್ ಕಂಪ್ಯೂಟರ್ಸ್ ಹ್ಯಾಂಡಲ್ ಬ್ಯಾಡ್ಲಿ.’ ವಿಷಯ ಅದೇ. ಈಗ ಕಾರಣ, ಪರಿಣಾಮ, ತೊಡಕು ಮೂರೂ ಒಂದೇ ಉಸಿರಿನಲ್ಲಿ ಬಂದವು. ಅವತ್ತು ಅವರ ಮುಖದಲ್ಲಿದ್ದ ಖುಷಿ ನನಗೆ ಇನ್ನೂ ನೆನಪಿದೆ.

ಒಂದು ವಿಷಯಕ್ಕೆ ನಾಲ್ಕೈದು ಬರಹ ಸಾಕು. ಒಂದು ಸುದ್ದಿ, ಒಂದು ವಿವರಣೆ, ಪರವಾಗಿ ಒಂದು, ವಿರುದ್ಧವಾಗಿ ಒಂದು. ಈ ಕೊನೆಯ ಎರಡನ್ನು ಬಿಡಲೇಬೇಡಿ. ಒಂದೇ ಕಡೆಯವರನ್ನು ಓದಿದರೆ ಅವರ ವಾದ ಒಪ್ಪಿಸಲು ಬರುತ್ತದೆ, ಚರ್ಚಿಸಲು ಬರುವುದಿಲ್ಲ. ಹೀಗೆ ಮಾಡಿದರೆ ವೈವಿಧ್ಯ ಕಳೆದುಹೋಗುತ್ತದೆ ಅನ್ನುವ ಚಿಂತೆಯೂ ಬೇಡ. ಎರಡು ವಾರಕ್ಕೊಂದರಂತೆ, ನಡುವೆ ಬಿಡುವು ಕೊಟ್ಟರೂ, ವರ್ಷಕ್ಕೆ ಇಪ್ಪತ್ತು ವಿಷಯ ಆಗುತ್ತವೆ.

ಪ್ರಶ್ನೆ: ಎಷ್ಟು ಕಷ್ಟದ ಲೇಖನ ಓದಬೇಕು? ಗೊತ್ತಿಲ್ಲದ ಪದಗಳನ್ನೆಲ್ಲ ಬರೆದಿಡುತ್ತೇನೆ. ಪುಸ್ತಕ ತುಂಬಿತು, ತಲೆಯಲ್ಲಿ ಏನೂ ಇಲ್ಲ.

ಉತ್ತರ: ಪದಸಂಪತ್ತಿನ ಬಗ್ಗೆ ಬಹಳ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಬರಹದ ಶೇಕಡಾ 98ರಷ್ಟು ಪದಗಳು ಗೊತ್ತಿರಬೇಕು. ಪತ್ರಿಕೆ, ಕಾದಂಬರಿಗಳಲ್ಲಿ ಈ ಮಟ್ಟ ಮುಟ್ಟಲು ಸುಮಾರು 8,000ದಿಂದ 9,000 ಪದಕುಟುಂಬಗಳು ಬೇಕು. ಮಾತಿಗೆ 6,000ದಿಂದ 7,000 ಸಾಕು. ಹೆಲ್ಪ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿ ಒಂದು ಕುಟುಂಬ. ಅಂದರೆ 300 ಪದದ ಪುಟದಲ್ಲಿ ಗೊತ್ತಿಲ್ಲದವು ಆರು ಇರಬಹುದು. ಇಪ್ಪತ್ತು ಇದ್ದರೆ ಆ ಲೇಖನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಓದು ಆಗುವುದಿಲ್ಲ, ನಿಘಂಟು ತಿರುವುವುದೇ ಆಗುತ್ತದೆ.

ಬರೆದಿಡುವುದು ಒಂದು ಲೇಖನಕ್ಕೆ ಐದು ಮಾತ್ರ. ಯಾವ ಐದು? ವಿಷಯ ಬದಲಾದರೂ ಜೊತೆಗೆ ಬರುವಂಥವು. ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿ ಇರುವುದು 570 ಪದಕುಟುಂಬಗಳು ಮಾತ್ರ. ಆದರೆ ವಿದ್ವತ್ ಬರಹಗಳಲ್ಲಿ ಹತ್ತು ಪದಕ್ಕೆ ಸುಮಾರು ಒಂದು ಈ ಪಟ್ಟಿಯದೇ. ಅಸ್ಯೂಮ್, ಶಿಫ್ಟ್, ಸಿಗ್ನಿಫಿಕೆಂಟ್ ಇಂಥವು. ಇವುಗಳ ಅರ್ಥ ನಿಮಗೆ ಗೊತ್ತೇ ಇದೆ. ಅವು ಯಾರ ಜೊತೆ ಕೂರುತ್ತವೆ ಅನ್ನುವುದು ಗೊತ್ತಿಲ್ಲ, ಅಷ್ಟೇ. ಮಳೆ ಜೋರಾದರೆ ಇಂಗ್ಲಿಷಿನಲ್ಲಿ ‘ಹೆವಿ ರೇನ್’, ಗಾಳಿ ಜೋರಾದರೆ ‘ಸ್ಟ್ರಾಂಗ್ ವಿಂಡ್’. ನಮಗೆ ಎರಡೂ ಜೋರೇ. ಹಾಗಾಗಿ ಒಂಟಿ ಪದ ಬರೆಯಬೇಡಿ. ಅದರ ಅಕ್ಕಪಕ್ಕದವರ ಸಮೇತ, ಲೇಖನದ ವಾಕ್ಯವನ್ನೇ ಬರೆದಿಡಿ. ಕೆಳಗೆ ಅದೇ ಪದ ಹಾಕಿ ನಿಮ್ಮದೊಂದು ವಾಕ್ಯ. ಆ ವಾರದ ಮಾತಿನಲ್ಲಿ ಬಳಸದೇ ಉಳಿದ ಪದವನ್ನು ಹೊಡೆದುಹಾಕಿ. ಬೇಕಾದ್ದಾದರೆ ಅದು ಮತ್ತೆ ಸಿಗುತ್ತದೆ.

ಪ್ರಶ್ನೆ: ಜೊತೆಗೆ ಮಾತಾಡುವವರು ಯಾರೂ ಇಲ್ಲ. ಒಬ್ಬನೇ ಚರ್ಚೆ ಅಭ್ಯಾಸ ಮಾಡುವುದು ಹೇಗೆ?

ಉತ್ತರ: ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಅಣ್ಣನ ಅಚ್ಚುಕೂಟದಲ್ಲಿ ದುಡಿಯುತ್ತಿದ್ದರು. ಲಂಡನ್ನಿನ ‘ದಿ ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಬಿಡಿ ಸಂಪುಟ ಅವರ ಕೈಗೆ ಸಿಕ್ಕಿತು. ಪ್ರಬಂಧ ಓದಿ, ಒಂದೊಂದು ವಾಕ್ಯದ ಭಾವಕ್ಕೆ ಪುಟ್ಟ ಸುಳಿವು ಬರೆದಿಟ್ಟುಕೊಂಡು, ಕೆಲವು ದಿನ ಸುಮ್ಮನಿರುತ್ತಿದ್ದರು. ಆಮೇಲೆ ಪುಸ್ತಕ ನೋಡದೆ, ಸುಳಿವುಗಳಿಂದಲೇ ಪ್ರಬಂಧವನ್ನು ತಮ್ಮ ಮಾತಿನಲ್ಲಿ ಮತ್ತೆ ಕಟ್ಟುತ್ತಿದ್ದರು. ಕೊನೆಗೆ ಮೂಲದ ಜೊತೆ ಇಟ್ಟು ತಪ್ಪು ತಿದ್ದಿಕೊಳ್ಳುತ್ತಿದ್ದರು. ಇಂಗ್ಲಿಷ್ ಮನೆಮಾತೇ ಆಗಿದ್ದವರು ಇಷ್ಟು ಶ್ರಮ ಹಾಕಿದರು ಅಂದಾಗ, ನಾವು ತಡವರಿಸುವುದರಲ್ಲಿ ನಾಚಿಕೆ ಏನಿದೆ?

ನೀವು ಇದನ್ನೇ ಮಾತಿನಲ್ಲಿ ಮಾಡಿ. ಲೇಖನ ಓದಿ, ಆರೇಳು ಸುಳಿವು ಬರೆದಿಡಿ. ಎರಡು ದಿನ ಬಿಟ್ಟು ಫೋನಿನ ರೆಕಾರ್ಡರ್ ಎದುರು ಕೂತು ನಾಲ್ಕು ನಿಮಿಷ ಮಾತಾಡಿ. ಅದನ್ನೇ ಮತ್ತೆ ಮೂರು ನಿಮಿಷದಲ್ಲಿ, ಆಮೇಲೆ ಎರಡು ನಿಮಿಷದಲ್ಲಿ ಹೇಳಿ. ಕೀತ್ ಮಾರಿಸ್ 1983ರಲ್ಲಿ ಪರಿಚಯಿಸಿದ 4/3/2 ಅನ್ನುವ ಅಭ್ಯಾಸ ಇದು. ಮೂಲದಲ್ಲಿ ಪ್ರತಿ ಸಲ ಬೇರೆ ಕೇಳುಗರು ಇರುತ್ತಾರೆ, ಒಬ್ಬರೇ ಮಾಡಿದರೂ ಫಲ ಇದೆ. ಮೊದಲ ಸಲ ‘ಏನು ಹೇಳಲಿ’ ಅನ್ನುವುದಕ್ಕೇ ಮನಸ್ಸು ಖರ್ಚಾಗುತ್ತದೆ. ಮೂರನೆಯ ಸಲ ಆ ಹೊರೆ ಇಲ್ಲ, ನಾಲಿಗೆ ಸಡಿಲವಾಗುತ್ತದೆ. ಆಮೇಲೆ ಮೊದಲ ಮತ್ತು ಕೊನೆಯ ರೆಕಾರ್ಡಿಂಗ್ ಕೇಳಿ, ಎಲ್ಲಿ ತಡೆದಿರಿ ಎಂದು ಗುರುತಿಸಿ, ಲೇಖನ ತೆರೆದು ಬರೆದವರು ಅದನ್ನೇ ಹೇಗೆ ಹೇಳಿದ್ದಾರೆ ನೋಡಿ. ಈಗ ಆ ವಾಕ್ಯ ಮನಸ್ಸಿಗೆ ಅಂಟುತ್ತದೆ, ಯಾಕೆಂದರೆ ನಿಮಗೆ ಅದು ಬೇಕಾಗಿತ್ತು.

ಎಐ ಚಾಟ್‌ಬಾಟ್ ಇದ್ದರೆ ಅದಕ್ಕೆ ಎದುರುವಾದಿಯ ಪಾತ್ರ ಕೊಡಿ. ನಿಮ್ಮ ಮಾತನ್ನು ಮೊದಲೇ ಬರೆದುಕೊಡಲು ಮಾತ್ರ ಹೇಳಬೇಡಿ. ತಡೆಯುವ ಜಾಗವನ್ನೇ ಅದು ಕಿತ್ತುಕೊಳ್ಳುತ್ತದೆ.

ಪ್ರಶ್ನೆ: ಚರ್ಚೆಯಲ್ಲಿ ನನ್ನ ಇಂಗ್ಲಿಷ್ ಒರಟಾಗಿ ಕೇಳಿಸುತ್ತದಂತೆ. ನಾನು ಹಾಗಿಲ್ಲ. ಏನು ತಪ್ಪಾಗುತ್ತಿದೆ?

ಉತ್ತರ: ಈ ಪ್ರಶ್ನೆ ಕಳಿಸಿದ್ದಕ್ಕೆ ಥ್ಯಾಂಕ್ಸ್. ಎಷ್ಟೋ ಜನ ಇದನ್ನು ಮನಸ್ಸಲ್ಲೇ ಇಟ್ಟುಕೊಂಡು ನೋಯುತ್ತಾರೆ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ‘ಹೇಳು’ ಬೇರೆ, ‘ಹೇಳಿ’ ಬೇರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ಅದಕ್ಕೇ ಅಲ್ಲಿ ವಿನಯವನ್ನು ಬೇರೆ ಮಾತುಗಳಲ್ಲಿ ತರಬೇಕು. ನಾವು ಮನಸ್ಸಲ್ಲಿ ಮರ್ಯಾದೆ ಇಟ್ಟುಕೊಂಡೇ ‘ಯು ಆರ್ ರಾಂಗ್’ ಅನ್ನುತ್ತೇವೆ. ಕೇಳುವವರಿಗೆ ತಲುಪುವುದು ‘ನೀನು ತಪ್ಪು’ ಅಷ್ಟೇ. ‘ಐ ಸೀ ವೈ ಯು ಸೇ ದಟ್, ಬಟ್...’ ಅಂದರೆ ಭಿನ್ನಾಭಿಪ್ರಾಯವೂ ಉಳಿಯುತ್ತದೆ, ಮನುಷ್ಯರೂ ಉಳಿಯುತ್ತಾರೆ.

ಇನ್ನೊಂದು, ಎಲ್ಲವನ್ನೂ ಕಡ್ಡಿ ಮುರಿದ ಹಾಗೆ ಹೇಳುವುದು. ‘ಪೀಪಲ್ ಡೋಂಟ್ ರೀಡ್’ ಅಂದರೆ ಲೋಕದಲ್ಲಿ ಯಾರೂ ಓದುವುದಿಲ್ಲ ಅಂದಂತೆ. ‘ಪೀಪಲ್ ಟೆಂಡ್ ಟು ರೀಡ್ ಲೆಸ್’ ಅಂದರೆ ವಾದಕ್ಕೆ ಜಾಗ ಇದೆ. ‘ಇಟ್ ಸೀಮ್ಸ್’, ‘ಅಟ್ ಲೀಸ್ಟ್ ಇನ್ ಸಮ್ ಕೇಸಸ್’ ಕೂಡ ಇದೇ ಕೆಲಸ ಮಾಡುತ್ತವೆ. ಲೇಖನ ಓದುವಾಗ ಇಂಥ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಅನುಭವಸ್ಥ ಲೇಖಕರು ಎಷ್ಟು ಸಲ ಹೀಗೆ ಅಳೆದು ಸುರಿದು ಹೇಳುತ್ತಾರೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಹಾಗಂತ ವಾಕ್ಯಕ್ಕೆ ಮೂರು ಸೇರಿಸಿದರೆ ಮಾತು ನೀರಾಗುತ್ತದೆ. ಒಂದು ಸಾಕು.

ಒಂದು ಅಭ್ಯಾಸ ಎಲ್ಲರಿಗೂ ಹೇಳುತ್ತೇನೆ. ಉತ್ತರ ಕೊಡುವ ಮೊದಲು ಎದುರಿನವರ ವಾದವನ್ನು ‘ಸೋ ಯುವರ್ ಪಾಯಿಂಟ್ ಈಸ್ ದಟ್...’ ಎಂದು ಶುರುಮಾಡಿ ನೀವೇ ಹೇಳಿ. ಅವರು ‘ಹೌದು, ಅದೇ’ ಅಂದ ಮೇಲೆ ನಿಮ್ಮ ಸರದಿ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ, ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲ ಭಾಷಾ ಚೌಕಟ್ಟು ನಿಮಗೆ ಗೊತ್ತಿರಬಹುದು. ಅದರ ಜೊತೆಗೆ 2020ರಲ್ಲಿ ಬಂದ ಸಂಪುಟ ‘ಮೀಡಿಯೇಷನ್’ಗೆ, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಕೌಶಲಕ್ಕೆ, ವಿವರವಾದ ಅಳತೆಗೋಲುಗಳನ್ನು ಕೊಟ್ಟಿತು. ನನಗೆ ಇದು ಬಹಳ ಸರಿ ಅನಿಸುತ್ತದೆ. ಬೇರೆಯವರ ವಿಚಾರವನ್ನು ನ್ಯಾಯವಾಗಿ ಹೇಳಲು ಬೇಕಾದಷ್ಟು ಭಾಷೆ ನಮ್ಮ ಸ್ವಂತ ವಿಚಾರಕ್ಕೂ ಬೇಕಾಗುವುದಿಲ್ಲ.

ಪ್ರಶ್ನೆ: ಗೆಳೆಯರು ನಾಲ್ಕು ಜನ ವಾರಕ್ಕೊಮ್ಮೆ ಸೇರುತ್ತೇವೆ. ತಪ್ಪು ಕಂಡ ತಕ್ಷಣ ತಿದ್ದಬೇಕಾ?

ಉತ್ತರ: ಬೇಡ. ಮಾತಿನ ನಡುವೆ ತಿದ್ದಿದರೆ ವಾದದ ಎಳೆ ತುಂಡಾಗುತ್ತದೆ, ಆಮೇಲೆ ಎಲ್ಲರೂ ಸುಲಭದ ವಾಕ್ಯಗಳಿಗೇ ಅಂಟಿಕೊಳ್ಳುತ್ತಾರೆ. ಪ್ರತಿ ವಾರ ಒಬ್ಬರು ಚರ್ಚೆಗೆ ಸೇರದೆ ಚೀಟಿ ಹಿಡಿದು ಕೂರಲಿ. ಒಬ್ಬೊಬ್ಬರಿಂದ ಒಂದು ತಪ್ಪು ಮತ್ತು ಒಂದು ಚೆಂದದ ಮಾತು ಬರೆದುಕೊಳ್ಳಲಿ. ಕೊನೆಯ ಹತ್ತು ನಿಮಿಷ ಅದಕ್ಕೇ ಮೀಸಲು. ಮೊದಲ ವಾರವೇ ‘ಡಿಸ್ಕಸ್ ಅಬೌಟ್’ ಸಿಗುತ್ತದೆ ನೋಡಿ. ಟಾಕ್ ಆದಮೇಲೆ ಅಬೌಟ್ ಬರುತ್ತದೆ, ಡಿಸ್ಕಸ್ ಆದಮೇಲೆ ಬರುವುದಿಲ್ಲ. ಸುಮ್ನೆ ‘ಡಿಸ್ಕಸ್ ದಿ ಟಾಪಿಕ್’. ತಪ್ಪು ಯಾರದು ಎಂದು ಹೇಳದೆ ವಾಕ್ಯವನ್ನಷ್ಟೇ ಓದಲಿ. ಹೇಳಿದವರಿಗೆ ಗೊತ್ತಾಗುತ್ತದೆ.