ಓದುಗರ ಪ್ರಶ್ನೆ: ಪ್ರತಿಮಧ್ಯಮದ ಗಿಟಾರು, ಬ್ಯಾಡಗಿಯ ಖಾರ

ಪ್ರಶ್ನೆ: ನಾನು ಮೂವತ್ತು ವರ್ಷ ವೀಣೆ ಕಲಿಸಿದವಳು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ದಿನವಿಡೀ ಹೆವಿ ಮೆಟಲ್ ಕೇಳುತ್ತಾನೆ. ನನಗೆ ಗದ್ದಲವಲ್ಲದೆ ಬೇರೇನೂ ಕೇಳಿಸುವುದಿಲ್ಲ. ಅದರಲ್ಲಿ ಸ್ವರ, ಶ್ರುತಿ ಎಂಬುದೇನಾದರೂ ಇದೆಯೇ?
– ನಿವೃತ್ತ ಸಂಗೀತ ಶಿಕ್ಷಕಿ, ಮೈಸೂರು

ಉತ್ತರ: ಇದೆ ಅಮ್ಮ. ಅದನ್ನು ಗುರುತಿಸಲು ನಿಮ್ಮ ಕಿವಿಯಷ್ಟು ಪಳಗಿದ ಕಿವಿ ಮೊಮ್ಮಗನಿಗೂ ಇರಲಾರದು. ಮೆಟಲ್ ಗಿಟಾರ್ ವಾದಕರು ಪದೇ ಪದೇ ನುಡಿಸುವ 'ಪವರ್ ಕಾರ್ಡ್' ಎಂಬುದು ಷಡ್ಜ (ಸ) ಮತ್ತು ಪಂಚಮ (ಪ) ಸ್ವರಗಳನ್ನು ಒಟ್ಟಿಗೆ ಮೀಟುವುದೇ ಹೊರತು ಬೇರೇನಲ್ಲ. ಅಂದರೆ ನಿಮ್ಮ ತಂಬೂರಿಯಲ್ಲಿ ಜೀವನವಿಡೀ ಕೇಳಿದ ಅದೇ ಎರಡು ಸ್ವರಗಳು. ಇದು ಕಾಕತಾಳೀಯವಲ್ಲ. ಧ್ವನಿವರ್ಧಕವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ನಾದದ ಅಲೆಗಳ ತುದಿಗಳು ಕತ್ತರಿಸಿಹೋಗಿ, ಮೂಲ ಸ್ವರದಲ್ಲಿ ಅಷ್ಟಾಗಿ ಕೇಳಿಸದಿದ್ದ ಅನೇಕ ಸ್ವಯಂಭೂ ಸ್ವರಗಳು, ಅಂದರೆ ಒಂದು ಸ್ವರದೊಳಗೆ ತಾವಾಗಿಯೇ ಮೊಳಗುವ ಮೇಲಿನ ಸ್ವರಗಳು, ಮೇಲೆದ್ದು ಬರುತ್ತವೆ. ಅಂತಹ ನಾದದಲ್ಲಿ ಗಾಂಧಾರವನ್ನೂ ಸೇರಿಸಿದರೆ ಈ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕಲಸಿಹೋಗುತ್ತವೆ, ಆದರೆ 3:2ರ ಸರಳ ಅನುಪಾತದಲ್ಲಿರುವ ಪಂಚಮ ಮತ್ತು ಷಡ್ಜಗಳು ಮಾತ್ರ ಅಷ್ಟು ಒರಟುತನದಲ್ಲೂ ಗಟ್ಟಿಯಾಗಿ ನಿಲ್ಲುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಸರಿಸಿ, ಝೇಂಕಾರ ಏಳುವವರೆಗೆ ನೀವು ಕಾಯುತ್ತೀರಲ್ಲವೇ? ಗಿಟಾರ್ ವಾದಕ ತನ್ನ ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸುವಾಗ ಹುಡುಕುತ್ತಿರುವುದೂ ಬಹುಮಟ್ಟಿಗೆ ಅದನ್ನೇ.

ಈ ಸಂಗೀತದ ಹುಟ್ಟನ್ನೂ ಸ್ವಲ್ಪ ಹೇಳಬೇಕು. 1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಗಡಿನ ಕಾರ್ಖಾನೆಯೊಂದರಲ್ಲಿ, ಕೆಲಸ ಬಿಡುವ ಕೊನೆಯ ದಿನವೇ, ಹದಿನೇಳು ವರ್ಷದ ಗಿಟಾರ್ ವಾದಕ ಟೋನಿ ಐಯೋಮಿಯ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ತುಂಡಾದವು. ಅವರು ಎಡಗೈ ವಾದಕರಾದ್ದರಿಂದ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಅದಕ್ಕೆ ಚರ್ಮ ಅಂಟಿಸಿ, ತೆಳುವಾದ ತಂತಿ ಹಾಕಿಕೊಂಡು ಅವರು ಮತ್ತೆ ನುಡಿಸಲು ಕಲಿತರು. ಮುಂದೆ ತಮ್ಮ ತಂಡದ 1971ರ ಆಲ್ಬಮ್ಮಿನ ಹೊತ್ತಿಗೆ ತಂತಿಗಳ ಬಿಗಿಯನ್ನು ಇನ್ನಷ್ಟು ಸಡಿಲಿಸಿ ಶ್ರುತಿಯನ್ನೇ ತಗ್ಗಿಸಿದರು. ಮೆಟಲ್‌ನ ಭಾರವಾದ, ಮಂದ್ರದ ನಾದ ರೂಪುಗೊಂಡದ್ದರಲ್ಲಿ ಆ ಗಾಯಕ್ಕೂ ಪಾಲಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅವರ ತಂಡವಾದ ಬ್ಲ್ಯಾಕ್ ಸಬ್ಬತ್ 1970ರ ಫೆಬ್ರುವರಿಯಲ್ಲಿ ಹೊರತಂದ ಮೊದಲ ಆಲ್ಬಮ್ಮಿನ ಮೊದಲ ಹಾಡನ್ನು, ತಂಡದ ಹೆಸರನ್ನೇ ಹೊತ್ತ ಹಾಡನ್ನು, ಮೊಮ್ಮಗನಿಗೆ ಹೇಳಿ ಹಾಕಿಸಿಕೊಳ್ಳಿ. ಮಳೆ ಮತ್ತು ಗಂಟೆಯ ಸದ್ದಿನ ನಂತರ ಗಿಟಾರು ಮೂರೇ ಸ್ವರ ನುಡಿಸುತ್ತದೆ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ, ಅಂದರೆ ಪಂಚಮಕ್ಕೆ ಅರ್ಧ ಸ್ವರ ಕೆಳಗಿನ 'ಮ'. ಷಡ್ಜದಿಂದ ಪ್ರತಿಮಧ್ಯಮಕ್ಕಿರುವ ಈ ಅಂತರಕ್ಕೆ ಪಾಶ್ಚಾತ್ಯರು ಸೈತಾನನ ಹೆಸರಿಟ್ಟಿದ್ದಾರೆ. ನಮ್ಮಲ್ಲಿ 72 ಮೇಳಕರ್ತ, ಅಂದರೆ ಜನಕ ರಾಗಗಳಲ್ಲಿ 36 ಪ್ರತಿಮಧ್ಯಮದವೇ. ಕಲ್ಯಾಣಿ ರಾಗದಲ್ಲಿ ಅದು ಎಷ್ಟು ಮಂಗಳಕರವಾಗಿ ಕೇಳಿಸುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಂದೇ ಸ್ವರ ಒಂದು ನಾಡಿನಲ್ಲಿ ಭಯವನ್ನೂ ಇನ್ನೊಂದರಲ್ಲಿ ಬೆಳಕನ್ನೂ ತರುವುದು ಹೇಗೆ ಎಂಬ ಬಗ್ಗೆ ನೀವೂ ಮೊಮ್ಮಗನೂ ಒಂದು ಸಂಜೆ ಕುಳಿತು ಮಾತನಾಡಬಹುದು. ವೀಣೆಯಲ್ಲಿ ಆ ಮೂರು ಸ್ವರಗಳನ್ನು ನೀವೇ ನುಡಿಸಿ ತೋರಿಸಿದರೆ ಆ ಹುಡುಗ ಅದನ್ನು ಎಂದೂ ಮರೆಯುವುದಿಲ್ಲ.

ಪ್ರಶ್ನೆ: ನಾನು ಮೆಟಲ್ ಅಭಿಮಾನಿ. ನಮ್ಮದು ಬ್ಯಾಡಗಿ ಹತ್ತಿರದ ಊರು, ಖಾರ ನನಗೆ ಹೊಸದಲ್ಲ. ಆದರೆ ಬೆಂಗಳೂರಿಗೆ ಬಂದ ಮೇಲೆ ಗೆಳೆಯರೊಂದಿಗೆ ಖಾರದ ಚಿಕನ್ ತಿಂದು ಕಹಿಯಾದ ಕ್ರಾಫ್ಟ್ ಬಿಯರ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಏಕೆ? ಖಾರಕ್ಕೆ ಯಾವ ಬಿಯರ್ ಒಗ್ಗುತ್ತದೆ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ನಾಲಗೆ ಸುಳ್ಳು ಹೇಳುತ್ತಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಸಂಯುಕ್ತವು, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯನ್ನು ಗುರುತಿಸುವ ನರದ ಗ್ರಾಹಕವನ್ನೇ ಕೆರಳಿಸುತ್ತದೆ. ಹಾಗಾಗಿ ಬಾಯಿ ಸುಡದಿದ್ದರೂ ಸುಟ್ಟಂತೆಯೇ ಮಿದುಳಿಗೆ ಸುದ್ದಿ ಹೋಗುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಅದು ಮದ್ಯಸಾರದಲ್ಲಿ ಕರಗುವುದು ನಿಜವಾದರೂ ಬಿಯರ್‌ನಲ್ಲಿರುವ ಐದಾರು ಶೇಕಡಾ ಅದಕ್ಕೆ ಏನೇನೂ ಸಾಲದು. ಬದಲಿಗೆ ಬಿಯರ್‌ನ ಗುಳ್ಳೆಗಳು ಆಗಲೇ ಉರಿಯುತ್ತಿರುವ ನಾಲಗೆಯನ್ನು ಚುಚ್ಚುತ್ತವೆ, ಹಾಪ್ಸ್ ಹೂವಿನ ಕಹಿಯೂ ಉರಿಯ ಜೊತೆ ಸೇರಿ ಎರಡೂ ಒರಟಾಗುತ್ತವೆ. ಆದ್ದರಿಂದ ಖಾರದ ತಟ್ಟೆಯ ಪಕ್ಕದಲ್ಲಿ ಹಾಪ್ಸ್ ಹೆಚ್ಚಿರುವ ಕಹಿ ಬಿಯರ್ ಆದ ಇಂಡಿಯಾ ಪೇಲ್ ಏಲ್ ಇಡುವುದು ಒಳ್ಳೆಯ ಜೋಡಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಊಟಕ್ಕೆ ಮೊದಲು ಒಂದು ಲೋಟ, ಅದರ ಪರಿಮಳಕ್ಕಾಗಿಯೇ ನಿಧಾನವಾಗಿ ಕುಡಿಯಿರಿ.

ಖಾರಕ್ಕೆ ಒಗ್ಗುವುದು ಗೋಧಿಯ ಬಿಯರ್. ಜರ್ಮನಿಯ ಗೋಧಿ ಬಿಯರ್‌ನಲ್ಲಿ ಯೀಸ್ಟ್‌ನಿಂದಲೇ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಹುಟ್ಟುತ್ತದೆ. ಬೆಲ್ಜಿಯಂನದಕ್ಕೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ಹಾಕುತ್ತಾರೆ. ಲವಂಗ, ಕೊತ್ತಂಬರಿ ಬೀಜ ಎರಡೂ ನಮ್ಮ ಮಸಾಲೆ ಡಬ್ಬಿಯಲ್ಲೇ ಇರುವಾಗ ನಮ್ಮ ಅಡುಗೆಗೆ ಅವು ಹೊಂದದೆ ಇರುತ್ತವೆಯೇ? ಕುಂದಾಪುರದ ಘೀ ರೋಸ್ಟ್ ಜೊತೆ ಕುಡಿದು ನೋಡಿ. ಅಲ್ಲಿ ಬಳಸುವುದು ನಿಮ್ಮೂರ ಮೆಣಸಿನಕಾಯಿಯೇ. ಬಣ್ಣ ಹೆಚ್ಚು, ಖಾರ ಕಡಿಮೆ, ಅದರ ಮೇಲೆ ತುಪ್ಪ. ಕೊಡಗಿನ ಪಂದಿ ಕರಿಯ ಕಾಳುಮೆಣಸು ಮತ್ತು ಕಾಚಂಪುಳಿಗೆ ಮಾತ್ರ ಹುರಿದ ಮಾಲ್ಟ್‌ನ ಸಿಹಿಯಿರುವ, ಕಂದು ಬಣ್ಣದ ಬಿಯರ್ ಹೆಚ್ಚು ಹಿತ. ಉರಿ ನಿಜಕ್ಕೂ ಆರಬೇಕೆಂದರೆ ಮೊಸರು ಅಥವಾ ಮಜ್ಜಿಗೆ ತರಿಸಿಕೊಳ್ಳಿ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದು ನಾಲಗೆಯಿಂದ ತೊಳೆಯುತ್ತದೆ.

ಮೆಟಲ್ ಕೇಳುವವರಲ್ಲಿ ಈ ಮೂರೂ ಏಕೆ ಒಟ್ಟಿಗಿವೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಿಟಾರಿನ ಒರಟು, ಹಾಪ್ಸ್‌ನ ಕಹಿ, ಮೆಣಸಿನಕಾಯಿಯ ಉರಿ ಮೂರೂ ಮೊದಲ ಬಾರಿಗೆ ನಮ್ಮನ್ನು ದೂರ ತಳ್ಳುತ್ತವೆ. ಎರಡನೆಯ ಸಲ, ಹತ್ತನೆಯ ಸಲ ಬಳಿ ಹೋದಾಗ ಅದರೊಳಗಿನ ಹದ ತಿಳಿಯತೊಡಗುತ್ತದೆ, ಹೀಗೆ ದಕ್ಕಿದ ರುಚಿಯನ್ನು ಯಾರೂ ಸುಲಭವಾಗಿ ಬಿಡುವುದಿಲ್ಲ. ಇಂಗ್ಲೆಂಡಿನ ಮೆಟಲ್ ತಂಡವಾದ ಐರನ್ ಮೇಡನ್ 2013ರಲ್ಲಿ ಸ್ಟಾಕ್‌ಪೋರ್ಟ್‌ನ ರಾಬಿನ್ಸನ್ಸ್ ಬ್ರೂವರಿಯೊಂದಿಗೆ 'ಟ್ರೂಪರ್' ಎಂಬ ಬಿಯರ್ ತಂದಾಗ, ಗಾಯಕ ಬ್ರೂಸ್ ಡಿಕಿನ್ಸನ್ ಹೆಸರು ಕೊಟ್ಟು ಸುಮ್ಮನಾಗದೆ ಅದರ ರುಚಿಯನ್ನು ರೂಪಿಸುವುದರಲ್ಲಿ ತಾವೇ ಪಾಲ್ಗೊಂಡರು. ಅದು 4.7 ಶೇಕಡಾದ, ಸೌಮ್ಯವಾದ ಬಿಯರ್ ಎಂಬುದನ್ನು ಗಮನಿಸಿ.

ಪ್ರಶ್ನೆ: ಬೆಂಗಳೂರನ್ನು ಭಾರತದ ಮೆಟಲ್ ರಾಜಧಾನಿ ಎನ್ನುವುದೇಕೆ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದಲ್ಲಿ ತನ್ನ ಮೊದಲ ಕಛೇರಿಯನ್ನು ಕೊಟ್ಟದ್ದು ಅರಮನೆ ಮೈದಾನದಲ್ಲಿ, 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ನುಡಿಸಿದ್ದೂ ಅಲ್ಲಿಯೇ. ಆದರೆ ಹೊರಗಿನವರು ಬಂದು ಹೋದದ್ದಕ್ಕಿಂತ, 1998ರಲ್ಲಿ ಇಲ್ಲಿಯೇ ಹುಟ್ಟಿದ ಕ್ರಿಪ್ಟೋಸ್‌ನಂತಹ ತಂಡಗಳು ಇಂದಿಗೂ ಸ್ವಂತ ಹಾಡು ಕಟ್ಟುತ್ತಿರುವುದು ನನಗೆ ದೊಡ್ಡ ಕಾರಣವಾಗಿ ಕಾಣುತ್ತದೆ. ಕ್ರಿಪ್ಟೋಸ್ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲೂ ನುಡಿಸಿ ಬಂದಿದೆ.

ಪ್ರಶ್ನೆ: ಮೆಟಲ್ ಸಂಗೀತ ಕಛೇರಿಯಿಂದ ಬಂದ ಮೇಲೆ ಎರಡು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಚಿಂತಿಸಬೇಕೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಚಿಂತಿಸಬೇಕು. 85 ಡೆಸಿಬೆಲ್‌ನ ಸದ್ದನ್ನು ಎಂಟು ಗಂಟೆ ಕೇಳಬಹುದಾದರೆ, ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಕೇವಲ ಹದಿನೈದು ನಿಮಿಷ ಉಳಿಯುತ್ತದೆ. ಮೆಟಲ್ ಕಛೇರಿ ಸುಲಭವಾಗಿ ಅದನ್ನು ದಾಟುತ್ತದೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗುಂಯ್‌ಗುಡುವಿಕೆ ಈಗಲೂ ಉಳಿದಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಈ ವಾರವೇ ಕಾಣಿರಿ. ಮುಂದಿನ ಕಛೇರಿಗೆ ಹತ್ತಿಯ ಉಂಡೆಯನ್ನು ನಂಬಬೇಡಿ, ಅದರಿಂದ ಹೆಚ್ಚಿನ ರಕ್ಷಣೆಯಿಲ್ಲ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ನಾನು ಅವನ್ನು ಹಾಕಿಕೊಂಡೇ ವೇದಿಕೆಯ ಮುಂದೆ ನಿಲ್ಲುತ್ತೇನೆ, ಬಾಸ್ ಗಿಟಾರಿನ ಒಂದೊಂದು ಸ್ವರವೂ ಆಗ ಬಿಡಿಬಿಡಿಯಾಗಿ ಕೇಳಿಸುತ್ತದೆ.