ಪಾಸ್‌ವರ್ಡ್‌ನ 2 ಎಲ್ಲಿ ಹೋಯಿತು?

ಪ್ರಶ್ನೆ: ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನಾ ರಾತ್ರಿ ಫೈಲುಗಳನ್ನು ಜಿಪ್ ಮಾಡಿ ಪಾಸ್‌ವರ್ಡ್ ಹಾಕಲು ಲಿನಕ್ಸ್‌ನಲ್ಲಿ ಒಂದು ಬ್ಯಾಷ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದರೊಳಗೆ ಪಾಸ್‌ವರ್ಡ್ "ಹೂವು$250" ಎಂದು ಡಬಲ್ ಕೋಟ್‌ನಲ್ಲೇ ಇದೆ. ಜಿಪ್ ಸರಿಯಾಗಿ ಆಗುತ್ತದೆ. ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಒಂದು ತಿಂಗಳ ಲೆಕ್ಕ ಒಳಗೆ ಸಿಕ್ಕಿಕೊಂಡಿದೆ ಸಾರ್!
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಹೂವು50 ಎಂದು ಹಾಕಿ ನೋಡಿ. ತೆರೆದುಕೊಂಡಿತಾ? ಸರಿ, ನೀರು ಕುಡಿದು ಬಂದು ಮುಂದೆ ಓದಿ.

ನೀವು ಬರೆದ ಸಾಲನ್ನು ಮೊದಲು ಓದುವುದು ಜಿಪ್ ಅಲ್ಲ, ಶೆಲ್, ಅಂದರೆ ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಷ್. ಅದಕ್ಕೆ $2 ಎಂದರೆ ಸ್ಕ್ರಿಪ್ಟ್‌ಗೆ ಕೊಟ್ಟ ಎರಡನೇ ಆರ್ಗ್ಯುಮೆಂಟ್, ಅಂದರೆ ಸ್ಕ್ರಿಪ್ಟ್ ಓಡಿಸುವಾಗ ಅದರ ಹೆಸರಿನ ಮುಂದೆ ಬರೆಯುವ ಎರಡನೇ ಪದ. ನೀವು ಕೊಟ್ಟೇ ಇಲ್ಲ, ಹಾಗಾಗಿ ಅಲ್ಲಿ ಖಾಲಿ. ಉಳಿದದ್ದು 50. $ ಆದಮೇಲೆ ಶೆಲ್ ಒಂದೇ ಅಂಕಿ ಎತ್ತಿಕೊಳ್ಳುತ್ತದೆ, 250 ಪೂರ್ತಿ ಅಲ್ಲ. ಜಿಪ್‌ಗೆ ತಲುಪಿದ್ದೇ ಹೂವು50, ಪಾಪ ಅದೇನು ಮಾಡೀತು? ಸ್ಕ್ರಿಪ್ಟ್‌ನ ಮೇಲ್ಗಡೆ ‘ಸೆಟ್ -ಯು’ (set -u) ಎಂಬ ಸಾಲು ಇದ್ದಿದ್ದರೆ ಶೆಲ್ ಅಲ್ಲೇ ತಕರಾರು ಮಾಡಿ ನಿಲ್ಲುತ್ತಿತ್ತು.

ಡಬಲ್ ಕೋಟ್ ಒಳಗೆ ಸ್ಪೇಸ್, *, & ಎಲ್ಲ ಸುಮ್ನೆ ಇರುತ್ತವೆ. ಆದರೆ $, ` ಮತ್ತು \ ಎಚ್ಚರವಾಗೇ ಇರುತ್ತವೆ. ಸಿಂಗಲ್ ಕೋಟ್ ಒಳಗೆ ಯಾವುದೂ ಮಿಸುಕುವುದಿಲ್ಲ. ಹಾಗಾಗಿ 'ಹೂವು$250' ಎಂದು ಬರೆಯಿರಿ, ಅಷ್ಟೇ. ಪಾಸ್‌ವರ್ಡ್‌ನಲ್ಲೇ ಸಿಂಗಲ್ ಕೋಟ್ ಇದ್ದರೆ ಅದರ ಜಾಗದಲ್ಲಿ '\'' ಎಂದು ಹಾಕಬೇಕು. ನೋಡಲು ವಿಚಿತ್ರ, ಕೆಲಸ ಮಾಡುತ್ತದೆ.

ಹಾಗಂತ ಎಲ್ಲ ಕಡೆ ಸಿಂಗಲ್ ಕೋಟ್ ಹಾಕಿಬಿಡಬೇಡಿ. ವೇರಿಯಬಲ್ (ಏನನ್ನಾದರೂ ತುಂಬಿಟ್ಟು, $ ಹಾಕಿ ಕರೆಯುವ ಹೆಸರು) ಇರುವ ಕಡೆ ಡಬಲ್ ಕೋಟೇ ಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ‘ಲೆಕ್ಕ ಹಳೆಯದು’ ಎಂಬ ಫೋಲ್ಡರ್ ಅಳಿಸಲು ಅದರ ಹೆಸರನ್ನು ವೇರಿಯಬಲ್‌ನಲ್ಲಿಟ್ಟು, ಕೋಟ್ ಇಲ್ಲದೆ ‘ಆರ್‌ಎಂ -ಆರ್’ (rm -r) ಕಮಾಂಡ್‌ಗೆ ಕೊಟ್ಟೆ. ಶೆಲ್ ಸ್ಪೇಸ್ ಇದ್ದಲ್ಲಿ ಎರಡು ತುಂಡು ಮಾಡಿತು. ‘ಹಳೆಯದು’ ಎಂಬುದು ಇಲ್ಲ ಅಂತ ಬೈಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ‘ಲೆಕ್ಕ’ ಫೋಲ್ಡರ್ ಹೋಗಿತ್ತು, ಆ ವರ್ಷದ ಲೆಕ್ಕ! ನನ್ನ ಹೆಂಡತಿ ಅದನ್ನೆಲ್ಲ ನೋಟ್‌ಬುಕ್‌ನಲ್ಲೂ ಬರೆದಿಟ್ಟಿದ್ದಳು, ಬಚಾವಾದೆ.

ಮುಂದೆಂದಾದರೂ ಫೈಲ್ ಹೆಸರುಗಳನ್ನು ಆರ್ಗ್ಯುಮೆಂಟ್ ಆಗಿ ಸ್ಕ್ರಿಪ್ಟ್‌ಗೆ ಕೊಟ್ಟು ಜಿಪ್‌ಗೆ ದಾಟಿಸುವುದಾದರೆ "$@" ಬಳಸಿ, ಕೋಟ್ ಸಮೇತ. "$*" ಹಾಕಿದರೆ ಎಲ್ಲ ಹೆಸರೂ ಸೇರಿ ಒಂದೇ ಉದ್ದ ಹೆಸರಾಗುತ್ತದೆ.

ಇನ್ನೊಂದು ಮಾತು. ಜಿಪ್ ನಡೆಯುತ್ತಿರುವಾಗ ಅದೇ ಕಂಪ್ಯೂಟರಿನ ಬೇರೆ ಬಳಕೆದಾರರು, ನಡೆಯುತ್ತಿರುವ ಕಮಾಂಡ್‌ಗಳ ಪಟ್ಟಿ ತೋರಿಸುವ ‘ಪಿಎಸ್’ (ps) ಕಮಾಂಡ್ ಕೊಟ್ಟರೆ, ಜಿಪ್‌ನ ಸಾಲಿನಲ್ಲೇ ಬರೆದ ಪಾಸ್‌ವರ್ಡ್ ಕಾಣಬಹುದು. ಮಂಡಿಯ ಕಂಪ್ಯೂಟರ್ ಎಷ್ಟು ಜನ ಮುಟ್ಟುತ್ತಾರೋ ನೀವೇ ನೋಡಿಕೊಳ್ಳಿ. ಹೇಗೂ ಅಸಲಿ ಪಾಸ್‌ವರ್ಡನ್ನೇ ಪತ್ರಿಕೆಗೆ ಬರೆದು ಕಳಿಸಿದ್ದೀರಿ! ಮೇಲೆ ಬೇರೆ ಹಾಕಿ ಅಚ್ಚು ಮಾಡಿದ್ದೇವೆ, ನಿಮ್ಮದನ್ನು ಇವತ್ತೇ ಬದಲಿಸಿ.